ಹೈದರಾಬಾದಿನಿಂದ ತಂದ ಸಕ್ಕರೆ ಪುಡಿ

ಕೊಳಕೂರ, ತಾಲೂಕು ಜೇವರ್ಗಿ
ಸೋಮವಾರ, ೧೪ ಫೆಬ್ರವರಿ ೧೯೪೪

ಪ್ರೀತಿಯ ಮಗ ಮಲ್ಲಣ್ಣನಿಗೆ, ನಿನ್ನ ತಾಯಿ ಗಂಗಾಬಾಯಿ ದೂರದಿಂದಲೇ ತಲೆ ಸವರಿ ಬರೆಯುವುದು.

ಹೇಗಿದ್ದೀಯಪ್ಪ? ಕಳೆದ ಪತ್ರದಲ್ಲಿ ನೀನು ಬಲಗೈಗೆ ಕಾದ ಕಬ್ಬಿಣ ತಾಗಿ ಬೊಬ್ಬೆ ಬಂದಿದೆ ಎಂದು ಬರೆದಿದ್ದೆ. ವಾಸಿಯಾಯಿತೇ? ಬೇವಿನ ಎಣ್ಣೆ ಹಚ್ಚು. ಆ ಕಾರಖಾನೆಯ ಡಾಕ್ಟರು ಕೊಡುವ ಬಿಳಿ ಮುಲಾಮಿನಲ್ಲಿ ಏನು ಬೆರೆಸಿರುತ್ತಾರೋ ಯಾರು ಕಂಡಿದ್ದಾರೆ. ಖಡಕಿಯ ಖಾನಾವಳಿಯಲ್ಲಿ ಈಗಲಾದರೂ ಜೋಳದ ರೊಟ್ಟಿ ಸಿಗುತ್ತದೆಯೇ, ಇಲ್ಲ ಇನ್ನೂ ಆ ಒಣ ಚಪಾತಿಯನ್ನೇ ಜಗಿಯುತ್ತಿದ್ದೀಯಾ? ಯುದ್ಧ ಮುಗಿಯುವವರೆಗೆ ರಜೆ ಕೊಡುವುದಿಲ್ಲ ಎಂದು ನಿಮ್ಮ ಸಾಹೇಬ ಹೇಳಿದ್ದು ನಿಜವೋ ಅಥವಾ ನಿನ್ನನ್ನು ಹೆದರಿಸಲು ಹೇಳಿದ್ದೋ, ಅದನ್ನೂ ಒಮ್ಮೆ ವಿಚಾರಿಸು. ಇಲ್ಲಿ ನಾವೆಲ್ಲ ಕ್ಷೇಮ. ಬಿಳಿಜೋಳ ಕೊಯ್ಲಿಗೆ ಬಂದಿದೆ, ತೆನೆ ಚೆನ್ನಾಗಿದೆ. ನನ್ನ ಮಂಡಿ ಎಂದಿನ ಹಾಗೆ ಏಳುವಾಗ ಅಳುತ್ತದೆ, ನಡೆಯುವಾಗ ಸುಮ್ಮನಾಗುತ್ತದೆ. ನಿನ್ನ ಮಗ ಬಂಡೆಪ್ಪನ ಮುಂದಿನ ಎರಡೂ ಹಲ್ಲು ಬಿದ್ದಿವೆ. ಮಗಳು ಶಾರದಾ ಈ ವರ್ಷ ನನ್ನ ಭುಜಕ್ಕೆ ಬಂದಿದ್ದಾಳೆ.

ಅಕ್ಷರ ನೋಡಿ ಗಾಬರಿಯಾಗಬೇಡ. ಪ್ರತಿ ಸಲ ನಾನು ಹೇಳುವುದು, ಶಾರದಾ ಬರೆಯುವುದು. ಈ ಸಲ ನಾನೇ ಬರೆಯುತ್ತಿದ್ದೇನೆ. ನಿಮ್ಮಪ್ಪ ಬಳಪ ಹಿಡಿಸಿ ಕಲಿಸಿದ್ದನ್ನು ನಾನು ಮರೆತೇ ಬಿಟ್ಟಿದ್ದೆ, ಎರಡು ವರ್ಷದಿಂದ ಈ ಹುಡುಗಿ ಪಾಟಿ ಹಿಡಿದು ನನ್ನನ್ನು ಕೂಡಿಸಿಕೊಂಡು ಮತ್ತೆ ತಿದ್ದಿಸಿದ್ದಾಳೆ. ತಪ್ಪಿದರೆ ನನ್ನ ಕೈಮೇಲೆ ಮೆಲ್ಲಗೆ ಹೊಡೆಯುತ್ತಾಳೆ ಕೂಡ, ಭಾರಿ ಮಾಸ್ತರಣಿ. ಅವಳ ಕೈಯಿಂದ ಬರೆಸಲಾಗದ ಸುದ್ದಿ ಇದು. ಅದಕ್ಕೇ ಬೆಳಿಗ್ಗೆಯಿಂದ ಕೂತು ಒಂದೊಂದೇ ಸಾಲು ಬರೆಯುತ್ತಿದ್ದೇನೆ. ನಿಧಾನವಾಗಿ ಓದು, ನಡುವೆ ಸಿಟ್ಟು ಬಂದರೆ ನೀರು ಕುಡಿದು ಓದು.

ನಿನ್ನ ತಂಗಿ ಬಾಳಮ್ಮ ಹೈದರಾಬಾದಿಗೆ ಹೋಗಿ ಆರು ವರ್ಷವಾಯಿತು. ಆರು ವರ್ಷದಲ್ಲಿ ಒಂದು ಸಲವೂ ಬನ್ನಿ ಎನ್ನದ ಅಳಿಯ ದೌಲತರಾಯರು ಸಂಕ್ರಾಂತಿ ಮುಗಿದ ಮೇಲೆ ಪತ್ರ ಹಾಕಿದರು. ಮಕ್ಕಳನ್ನು ಕರೆದುಕೊಂಡು ಬನ್ನಿ, ತಾಯಿಯಿಲ್ಲದ ಮಕ್ಕಳು, ಪಟ್ಟಣದ ತಿಂಡಿತೀರ್ಥದ ರುಚಿ ಒಮ್ಮೆ ನೋಡಲಿ, ಒಂದಿಡೀ ದಿನ ಸುತ್ತಾಡಿಸಿ ತಿನ್ನಿಸುತ್ತೇನೆ ಎಂದು. ನನಗೆ ಅಲ್ಲೇ ಅನುಮಾನ ಹುಟ್ಟಿತು. ಬೇಗಂ ಬಜಾರಿನ ಬೇಳೆ ಅಂಗಡಿಯಲ್ಲಿ ಗುಮಾಸ್ತನಾಗಿ, ಹಬ್ಬಕ್ಕೆ ಒಂದು ಕುಪ್ಪಸದ ಖಣ ಕೊಡಲು ಹತ್ತು ಸಲ ಯೋಚಿಸುವ ಮನುಷ್ಯ ನನ್ನ ಮೊಮ್ಮಕ್ಕಳ ಬಾಯಿರುಚಿಯ ಬಗ್ಗೆ ಯಾವಾಗಿನಿಂದ ಚಿಂತೆ ಮಾಡತೊಡಗಿದ? ಹೊಳೆದಂಡೆಯ ಹೊಲದ ಮೇಲೆ ಅವರಿಗೆ ಕಣ್ಣಿದೆ, ತಿನ್ನಿಸಿ ಉಣ್ಣಿಸಿ ಯಾವುದಾದರೂ ಕಾಗದಕ್ಕೆ ನನ್ನ ಸಹಿ ಹಾಕಿಸುತ್ತಾರೆ ಎಂದುಕೊಂಡೆ. ಆದ್ದರಿಂದ ಹೊರಡುವ ಮುಂಚೆಯೇ ಶಾರದಾಳಿಗೆ ಹೇಳಿಟ್ಟೆ, ಅಲ್ಲಿ ಯಾರಾದರೂ ಕೇಳಿದರೆ ನಮ್ಮಾಯಿಗೆ ಓದು ಬರಹ ಬರುವುದಿಲ್ಲ ಎನ್ನು, ಆಗ ಕಾಗದವನ್ನು ನನ್ನ ಕಣ್ಣೆದುರೇ ಬಿಚ್ಚುತ್ತಾರೆ ಎಂದು. ಮೂರು ದಿನಕ್ಕಾಗುವಷ್ಟು ಕಟಕ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡೆ, ತಂಬಿಗೆಯಲ್ಲಿ ನಮ್ಮ ಬಾವಿಯ ನೀರು ತುಂಬಿಕೊಂಡೆ. ನಗಬೇಡ. ಪಟ್ಟಣದ ನಲ್ಲಿ ನೀರು ಎಲ್ಲಿಂದ ಬರುತ್ತದೆ ಎಂದು ಬಾಳಮ್ಮನನ್ನು ಕೇಳಿದರೆ ಅವಳಿಗೇ ಗೊತ್ತಿಲ್ಲ.

ಮೊನ್ನೆ ಶುಕ್ರವಾರ ಬೆಳಿಗ್ಗೆ ತಿರುಗಾಟಕ್ಕೆ ಹೊರಟೆವು. ಬಾಳಮ್ಮ ಶಾರದಾಳಿಗೆ ತನ್ನ ಪೆಟ್ಟಿಗೆಯಿಂದ ಹಸಿರು ಇಳಕಲ್ಲ ಸೀರೆ ತೆಗೆದು ಉಡಿಸಿದಳು, ಎರಡು ಕೈಗೂ ಹಸಿರು ಬಳೆ ಏರಿಸಿದಳು, ತಲೆಗೆ ಎಣ್ಣೆ ಹಚ್ಚಿ ಹೂ ಮುಡಿಸಿದಳು. ಜಿಲೇಬಿ ತಿನ್ನಲು ಹೋಗುವವಳಿಗೆ ಇಷ್ಟೆಲ್ಲ ಯಾಕೆ ಎಂದರೆ, 'ಪ್ಯಾಟಿ ಅಲ್ಲೇನವ್ವ, ಚಂದ ಕಾಣಬೇಕು' ಎಂದಳು. ನನ್ನ ಮುಖ ನೋಡದೆ ಎಂದಳು. ಹೊಲದ ವಿಷಯ ಗಂಡನಿಂದ ಗೊತ್ತಾಗಿ ನಾಚಿಕೊಂಡಿದ್ದಾಳೆ ಎಂದುಕೊಂಡೆ.

ಟಾಂಗಾ ಓಡಿಸುವವನು ಶರಫುದ್ದೀನ ಎಂಬ ಮನುಷ್ಯ. ಗಡ್ಡ ಅರ್ಧ ನೆರೆತಿತ್ತು, ಮಾತು ಕಡಿಮೆ. ಅವನನ್ನು ನೋಡಿದ ಕೂಡಲೇ ನನಗೆ ಸರಿಬೀಳಲಿಲ್ಲ. ಆಗಾಗ ಹಿಂದಿರುಗಿ ಶಾರದಾಳನ್ನು ನೋಡುತ್ತಿದ್ದ, ಮತ್ತೆ ನನ್ನನ್ನು ನೋಡುತ್ತಿದ್ದ. ದೌಲತರಾಯರು ಮುಂದೆ ಅವನ ಪಕ್ಕ ಕೂತು ಉರ್ದುವಿನಲ್ಲಿ ಏನೋ ಹೇಳುತ್ತಿದ್ದರು, ಅವನು ತಲೆಯಾಡಿಸುತ್ತಿದ್ದ. ಒಂದೇ ಗಡಿಯಾರದ ಗೋಪುರವನ್ನು ಮೂರು ಸಲ ನೋಡಿದೆ, ಮಲ್ಲಣ್ಣ. ಮೂರನೆಯ ಸಲಕ್ಕೆ ತಡೆಯಲಾಗದೆ, 'ಏನಪ್ಪಾ, ಗಾಣದ ಎತ್ತಿನಂಗ ಸುತ್ತಾಕತ್ತೀಯಲ್ಲ, ಬಾಡಿಗಿ ಏರಸಾಕೇನು?' ಎಂದು ಕೇಳಿಯೇ ಬಿಟ್ಟೆ. ಅವನು ಕುದುರೆಯ ಲಗಾಮು ಜಗ್ಗಿದ. ದೌಲತರಾಯರು ಮಾತ್ರ ನಕ್ಕರು, ಆ ನಗೆ ನನಗೆ ಟಾಂಗಾದವನ ಮುಖಕ್ಕಿಂತ ಹಿಡಿಸಿತು. ನಮ್ಮವರಲ್ಲವೇ ಎಂದು.

ಇನ್ನು ತಿಂಡಿಯ ಕಥೆ. ಮೊದಲು ಜಿಲೇಬಿ. ಯುದ್ಧ ಬಂದಾಗಿನಿಂದ ಸಕ್ಕರೆಗೆ ರೇಶನ್ ಆಗಿ ಮಿಠಾಯಿಯವರೆಲ್ಲ ಬೆಲ್ಲದಲ್ಲೇ ಪಾಕ ಮಾಡುತ್ತಾರಂತೆ, ಜಿಲೇಬಿ ಕರ್ರಗೆ ಹಳೇ ಹಗ್ಗದ ಸಿಂಬಿಯಂತಿತ್ತು. ಯಾವ ಎಣ್ಣೆ, ಯಾರು ಕಲಸಿದ್ದು, ಎಷ್ಟು ದಿನದ ಹಿಟ್ಟು, ಎಲ್ಲ ಕೇಳಿ, ಮೂಸಿ ನೋಡಿ ಮಕ್ಕಳ ಕೈಗೆ ಕೊಟ್ಟೆ. ಕರಿಯುವವನು ನನ್ನನ್ನು ಪೊಲೀಸರ ಮನೆಯವಳೆಂದು ತಿಳಿದನೋ ಏನೋ, ಎರಡು ಹೆಚ್ಚು ಹಾಕಿದ. ಆಮೇಲೆ ಮಿರ್ಚಿ. ಆಮೇಲೆ ಇರಾನಿ ಹೊಟೆಲಿನ ಬಿಸ್ಕತ್ತು. ಅದರಲ್ಲಿ ತತ್ತಿ ಹಾಕುತ್ತಾರೆಂದು ಯಾರೋ ಹೇಳಿದ್ದು ನೆನಪಾಗಿ ಬಂಡೆಪ್ಪನ ಬಾಯಿಗೆ ಬೆರಳು ಹಾಕಿ ಹೊರತೆಗೆದೆ. ಮಾರ್ಕೆಟ್ಟಿನ ಹತ್ತಿರ ಹಣ್ಣಿನ ಬರ್ಫ ಕೊಡಿಸಿದರು. ಬಟ್ಟಲಿನಿಂದ ಹೊಗೆ ಏಳುವುದನ್ನು ಕಂಡು ನಿನ್ನ ಮಗ ಊದಿ ಊದಿ ಆರಿಸತೊಡಗಿದ. 'ಆಯಿ, ಸುಡ್ತದ' ಎಂದು ನನಗೂ ಎಚ್ಚರಿಕೆ ಹೇಳಿದ. ಬಾಯಿಗೆ ಇಟ್ಟ ಮೇಲೆ ಅವನ ಕಣ್ಣು ನೋಡಬೇಕಿತ್ತು ನೀನು. ಹಲ್ಲಿಲ್ಲದ ಸಂದಿಯಲ್ಲಿ ತಂಪು ಹೊಕ್ಕು ಕುಣಿದುಬಿಟ್ಟ. ಶಾರದಾ ಮಾತ್ರ ಏನು ತಿಂದರೂ ಅಂಗಡಿಯ ಮೇಲಿನ ಫಲಕ ಓದುತ್ತ ನಿಂತಿರುತ್ತಿದ್ದಳು. ಕನ್ನಡವಿಲ್ಲದ ಊರಲ್ಲಿ ಒಂದು ಕಡೆ ಕನ್ನಡದ ಫಲಕ ಸಿಕ್ಕಿತೆಂದು ಚಪ್ಪಾಳೆ ಹೊಡೆದಳು. ಜೂನಿನಲ್ಲಿ ಗುಲಬರ್ಗಾದ ಹೆಣ್ಣುಮಕ್ಕಳ ಶಾಲೆಗೆ ಹಾಕುತ್ತೇನೆ ಎಂದು ನೀನು ಮಾತು ಕೊಟ್ಟ ದಿನದಿಂದ ಅವಳು ಕಂಡದ್ದನ್ನೆಲ್ಲ ಓದುತ್ತಾಳೆ, ಬೆಲ್ಲ ಕಟ್ಟಿಕೊಟ್ಟ ಕಾಗದವನ್ನೂ ಬಿಡುವುದಿಲ್ಲ. ನಾನು ಮಾತ್ರ ಆ ದಿನ ಹನಿ ನೀರನ್ನೂ ಹೊರಗಿನದು ಮುಟ್ಟಲಿಲ್ಲ. ಲಿಂಗಪೂಜೆ ಮುಗಿಸಿ ತಿಂದ ಅರ್ಧ ರೊಟ್ಟಿಯ ಮೇಲೆಯೇ ದಿನ ಕಳೆದೆ.

ಮಧ್ಯಾಹ್ನ ಇಳಿಯುವ ಹೊತ್ತಿಗೆ ಬೇಗಂ ಬಜಾರಿನ ಒಂದು ಮಿಠಾಯಿ ಅಂಗಡಿಗೆ ಕರೆದೊಯ್ದರು. ಅಲ್ಲಿ ಅಕಸ್ಮಾತ್ತಾಗಿ ಸಿಕ್ಕವರಂತೆ ದೌಲತರಾಯರ ಧಣಿ ಬಂದರು. ಹೆಸರು ಅಂಬಾರಾಯ, ಮೂಲ ಆಳಂದದ ಕಡೆಯವರು, ಬೇಳೆ ಅಂಗಡಿ ಅವರದೇ. ನಲವತ್ತರ ಮೇಲಿನ ವಯಸ್ಸು, ಹಣೆಯ ತುಂಬ ವಿಭೂತಿ, ಕೊರಳಲ್ಲಿ ಲಿಂಗ, ಮೃದುವಾದ ಮಾತು. ಹೊರಗಿನ ತಿಂಡಿ ತಾವೂ ತಿನ್ನುವುದಿಲ್ಲ ಎಂದರು. ಇಡೀ ಹೈದರಾಬಾದಿನಲ್ಲಿ ನನ್ನ ಹಾಗೆ ಯೋಚಿಸುವ ಒಬ್ಬರು ಸಿಕ್ಕರಲ್ಲ ಎಂದು ನನಗೆ ಎಷ್ಟು ಹಿಗ್ಗಾಯಿತೆಂದರೆ ಅವರನ್ನು 'ಅಪ್ಪಾ' ಎಂದು ಕರೆದೆ. ಹೆಂಡತಿ ತೀರಿ ಒಂದು ವರ್ಷವೂ ಆಗಿಲ್ಲ ಎಂದು ಕೇಳಿ ಮರುಗಿದೆ. ಅವರ ಜೊತೆ ಅಂಗಡಿಯವರು ಇಬ್ಬರಿದ್ದರು. ಧಣಿಗಳು ಶಾರದಾಳಿಗೆ ರೊಟ್ಟಿ ಬಡಿಯಲು ಬರುತ್ತದೆಯೇ ಎಂದು ಕೇಳಿದರು. ಕೈ ಚಾಚಿಸಿ ಬೆರಳು ನೋಡಿದರು. ಆಮೇಲೆ ಕೆಂಪು ದಾರ ಸುತ್ತಿದ ಒಂದು ಕಾಗದದ ಪುಡಿ ತೆಗೆದು, 'ಹಿರಿಯರು ನೀವು, ನೀವ ಕೂಸಿನ ಉಡಿಯೊಳಗ ಹಾಕ್ರಿ' ಎಂದರು. ಒಂದು ಸೇರು ಬಿಳಿ ಸಕ್ಕರೆ, ಮಲ್ಲಣ್ಣ! ನಮ್ಮ ಮನೆಯವರು ಬಿಳಿ ಸಕ್ಕರೆಯ ಮುಖ ನೋಡಿ ಎಂಟು ತಿಂಗಳಾಗಿತ್ತು. ಬೇಡ ಎನ್ನಲು ನನಗೆ ಬಾಯಿ ಬರಲಿಲ್ಲ. ನಾನೇ ಶಾರದಾಳ ಸೆರಗು ಚಾಚಿಸಿ, ನನ್ನ ಈ ಎರಡು ಕೈಯಿಂದಲೇ ಹಾಕಿದೆ. ಅವರು ಬೇರೊಂದು ತಟ್ಟೆಯಲ್ಲಿ ತರಿಸಿದ್ದ ಸಕ್ಕರೆಯಿಂದ ಒಂದು ಚಿಟಿಕೆ ಎತ್ತಿ ಅವಳ ಬಾಯಿಗೆ ಹಾಕಿದರು. ಎಲ್ಲರೂ ನಕ್ಕರು. ನಾನೂ ನಕ್ಕೆ.

ನಿನಗೆ ಈಗಾಗಲೇ ಹೊಳೆದಿರಬೇಕು. ನನಗೆ ಹೊಳೆಯಲಿಲ್ಲ. ನಮ್ಮ ಕಡೆ ಸಕ್ಕರೆ ಪುಡಿ ಎಂದರೆ ಹುಡುಗಿಯ ಮನೆಯಲ್ಲಿ, ಕಂಬಳಿ ಹಾಸಿ, ಜಂಗಮರನ್ನು ಕೂಡಿಸಿ, ತಂದೆಯ ಎದುರಿಗೆ ಆಗುವ ಮದುವೆಯ ಮಾತು. ನೊಣ ಮುಸುಕಿದ ಮಿಠಾಯಿ ಅಂಗಡಿಯಲ್ಲಿ, ಟಾಂಗಾದ ಧೂಳಿನಲ್ಲಿ ಅದು ಆಗುತ್ತದೆಂದು ಯಾರು ನೆನೆಸುತ್ತಾರೆ?

ಶನಿವಾರ ಬೆಳಿಗ್ಗೆ ನಾವು ಊರಿಗೆ ಹೊರಡಬೇಕಿತ್ತು. ದೌಲತರಾಯರು ಅಂಗಡಿಯಲ್ಲಿ ಕೆಲಸ ಎಂದು ಬೇಗ ಹೋದರು. ಬಾಳಮ್ಮ ತಲೆನೋವೆಂದು ಸ್ಟೇಶನ್ನಿಗೆ ಬರಲಿಲ್ಲ, ಅವಳ ಕಣ್ಣು ಊದಿದ್ದವು. ಅದೇ ಟಾಂಗಾ ಬಂತು. ಸ್ಟೇಶನ್ನಿನಲ್ಲಿ ಗಂಟು ಇಳಿಸಿಕೊಟ್ಟು ಆ ಶರಫುದ್ದೀನ ಒಮ್ಮೆಲೇ ನಮ್ಮ ಮಾತಿನಲ್ಲೇ ಶುರುಮಾಡಿದ. 'ಅಮ್ಮಾ, ಸಿಟ್ಟ ಮಾಡಬ್ಯಾಡ್ರಿ. ನಾ ಅಫಜಲಪುರದಾವ. ನಿನ್ನಿ ಸುತ್ತಸು ಅಂದ್ರು, ಸುತ್ತಸೀನಿ. ಆ ಸೇಠ ಬರೂದು ತಡ ಆಗಿತ್ತು' ಎಂದ. ಗಂಟನ್ನು ಅಲ್ಲೇ ಕೆಳಗಿಟ್ಟೆ. ಯಾವ ಸೇಠ, ಯಾಕೆ ಎಂದೆ. 'ನಿಮ್ಮ ಮೊಮ್ಮಗಳಿಗೆ ಸಕ್ಕರಿ ಮಾಡ್ಕೊಂಡಾನ್ರಿ. ಶಿವರಾತ್ರಿ ಆದ ಮ್ಯಾಲ ಲಗ್ನ ಅಂತ ಇಬ್ರೂ ಮಾತಾಡಿದ್ದು ನಾ ಕೇಳೀನಿ. ನಿಮ್ಮ ಅಳಿಯಗ ಅಂಗಡಿಯೊಳಗ ಪಾಲು ಕೊಡ್ತಾನಂತ. ನಿಮಗ ಗೊತ್ತದ ಅಂತ ನಾ ತಿಳಕೊಂಡಿದ್ದೆ, ಆದರ ನಿಮ್ಮ ಮಾರಿ ನೋಡಿದ್ರ ಹಂಗ ಅನಸಲಿಲ್ಲ. ನನಗೂ ಇಂಥಾಕಿ ಒಬ್ಬಾಕಿ ಮಗಳು ಅದಾಳ್ರಿ' ಎಂದ. ನನ್ನ ಕೆಟ್ಟ ಬುದ್ಧಿ ನೋಡು, ಆಗಲೂ ಇವನು ಇನಾಮಿಗಾಗಿ ಕಥೆ ಕಟ್ಟುತ್ತಿದ್ದಾನೆ ಎಂದುಕೊಂಡು ಕಾಸು ತೆಗೆದೆ. ಅವನು ಮುಟ್ಟಲಿಲ್ಲ. ಬಂಡೆಪ್ಪನನ್ನು ಎತ್ತಿ ರೈಲಿನಲ್ಲಿ ಕೂಡಿಸಿ ಹೋದ.

ರೈಲು ಬಿಟ್ಟ ಮೇಲೆ ಪುಡಿಯನ್ನು ತೊಡೆಯ ಮೇಲಿಟ್ಟುಕೊಂಡು ಹಿಸುಕಿ ನೋಡಿದೆ. ತಳದಲ್ಲಿ ಗಟ್ಟಿಯಾಗಿ ಏನೋ ಸಿಕ್ಕಿತು. ಅರಿಶಿನ ಕೊಂಬು, ಅಡಿಕೆ. ಇನ್ನು ಅನುಮಾನಕ್ಕೆ ಜಾಗವೇ ಉಳಿಯಲಿಲ್ಲ. ಎದುರಿಗೆ ಶಾರದಾ ಕಿಟಕಿಗೆ ಗಲ್ಲ ಆನಿಸಿ ಒಂದೊಂದು ಸ್ಟೇಶನ್ನಿನ ಹೆಸರು ಓದುತ್ತ ಕೂತಿದ್ದಳು. ಅವಳಿಗೆ ಹನ್ನೆರಡು ವರ್ಷ. ನಾನು ಇಡೀ ಒಂದು ದಿನ ಜಿಲೇಬಿಯನ್ನು ಅನುಮಾನಿಸಿದೆ, ನೀರನ್ನು ಅನುಮಾನಿಸಿದೆ, ಬಿಸ್ಕತ್ತಿಗೆ ಬೆರಳು ಹಾಕಿದೆ, ಪಾಪದ ಟಾಂಗಾದವನನ್ನು ಬೈದೆ. ವಿಭೂತಿ ಹಚ್ಚಿದವನ ಕೈಯ ಸಕ್ಕರೆಯನ್ನು ಮಾತ್ರ ಮೂಸಿ ನೋಡಲಿಲ್ಲ.

ನನ್ನ ಸಕ್ಕರೆ ಆದಾಗ ನನಗೆ ಎಂಟು ವರ್ಷ. ನಿಮ್ಮಪ್ಪನ ಸೋದರಮಾವ ಬಾಯಿಗೆ ಒಂದು ಚಿಟಿಕೆ ಹಾಕಿದಾಗ ನಾನು ಇನ್ನೊಂದು ಬೇಕೆಂದು ಬಾಯಿ ತೆರೆದೆನಂತೆ. ಕೂಸಿಗೆ ಗಂಡನ ಮನೆಯ ಅವಸರ ಎಂದು ಸಭೆಯೆಲ್ಲ ನಕ್ಕಿತು. ಆ ಮಾತನ್ನು ನಾನು ಮುದುಕಿಯಾಗುವವರೆಗೂ ಪ್ರತಿ ಮದುವೆಯಲ್ಲಿ ಹೇಳಿ ನಗುತ್ತಿದ್ದರು. ನಿಮ್ಮಪ್ಪ ಒಳ್ಳೆಯವರು, ಅದು ನನ್ನ ಪುಣ್ಯ. ಆದರೆ ನನ್ನನ್ನು ಯಾರೂ ಕೇಳಿರಲಿಲ್ಲ, ಸಕ್ಕರೆ ಬೇಕೇ ಎಂದು ಕೂಡ.

ಈಗ ವಿಷಯ ಹೀಗಿದೆ. ಪುಡಿ ನಮ್ಮ ಮನೆಗೆ ಬಂದಿದೆ, ಆದರೆ ಐದು ಮನೆಗೆ ಹಂಚಿಲ್ಲ. ಹಂಚುವವರೆಗೆ ಮಾತು ಪೂರ್ತಿಯಾಗುವುದಿಲ್ಲ. ಶಿವರಾತ್ರಿಯೊಳಗೆ ಪುಡಿಯನ್ನು ಇದ್ದ ಹಾಗೆ, ಒಂದು ಕಾಳೂ ಕಡಿಮೆಯಾಗದೆ, ತಂದೆಯಾದವನು ಹೋಗಿ ಅವರ ಕೈಗೆ ಹಿಂದಿರುಗಿಸಿದರೆ ಸಂಬಂಧ ಮುರಿದಂತೆ. ಕಡಿಮೆಯಾದರೆ ಹುಡುಗಿಯ ಮನೆಯವರು ತಿಂದು ಒಪ್ಪಿದಂತೆ. ಊರಿಗೆ ಬಂದು ನೋಡಿದರೆ ಕೆಂಪು ದಾರ ಐದು ಸುತ್ತಿನ ಬದಲು ನಾಲ್ಕೇ ಸುತ್ತಿತ್ತು, ಪುಡಿಯ ಮೂಲೆ ತಗ್ಗಿತ್ತು. ಬಂಡೆಪ್ಪನೇ ಕದ್ದು ತಿಂದಿರಬೇಕೆಂದು ಹಿಡಿದು ಕೇಳಿದೆ. ಬಾಯಿ ಬಿಡಲಿಲ್ಲ. ಎರಡು ಏಟು ಹಾಕಿದೆ, ಆಗಲೂ ಬಿಡಲಿಲ್ಲ. ಹೋಗಲಿ, ಆರು ವರ್ಷದ ಕೂಸು ತಿಂದದ್ದು ಲೆಕ್ಕವಲ್ಲ ಎಂದು ನೀನು ಗಟ್ಟಿಯಾಗಿ ಹೇಳಿ ಬಾ. ಸಾಹೇಬನ ಕಾಲು ಹಿಡಿದಾದರೂ ನಾಲ್ಕು ದಿನ ರಜೆ ತೆಗೆದುಕೊಂಡು ಬಾ. ಶಾರದಾಳಿಗೆ ನಾನು ಇನ್ನೂ ಏನೂ ಹೇಳಿಲ್ಲ. ಆ ಸಕ್ಕರೆಯಲ್ಲಿ ಒಂದು ದಿನ ಶಾವಿಗೆ ಪಾಯಸ ಮಾಡು ಆಯಿ ಎಂದು ಕೇಳುತ್ತಿದ್ದಾಳೆ.

ಬಾಳಮ್ಮನ ಮೇಲೆ ನನಗೆ ಸಿಟ್ಟಿದೆ. ಅದನ್ನು ಅವಳೆದುರಿಗೇ ಇಳಿಸಬೇಕು, ಪತ್ರದಲ್ಲಿ ಹಾಳುಮಾಡುವುದಿಲ್ಲ. ಕೈಗೆ ಬೇವಿನ ಎಣ್ಣೆ ಮರೆಯಬೇಡ. ಹೊಟ್ಟೆ ತುಂಬ ಉಣ್ಣು. ನಮ್ಮ ಮನೆದೇವರು ನಿನ್ನ ಬೆನ್ನಿಗಿರಲಿ, ಎಲ್ಲಿದ್ದರೂ ನೆಟ್ಟಗೆ ನಿಂತಿರು.

ನಿನ್ನ ತಾಯಿ,
ಗಂಗಾಬಾಯಿ

ತಾಜಾ ಕಲಂ: ಮಂಗಳವಾರ, ಬೆಳಿಗ್ಗೆ. ಬಂಡಿ ಹೂಡಿ ನಿಂತಿದೆ, ಅವಸರದಲ್ಲಿ ಬರೆಯುತ್ತಿದ್ದೇನೆ. ಮೇಲೆ ಒಂದು ಸುಳ್ಳು ಬರೆದಿದ್ದೇನೆ, ಅದನ್ನು ಹೊಡೆದುಹಾಕಿ ಓದು. ಸಕ್ಕರೆ ತಿಂದವಳು ನಾನು. ಶುಕ್ರವಾರ ಸಂಜೆ ಬಾಳಮ್ಮ ನೀರಿಗೆ ಹೋದಾಗ, ಅಡುಗೆಮನೆಯ ಬಾಗಿಲ ಮರೆಯಲ್ಲಿ ದಾರ ಬಿಚ್ಚಿ ಒಂದು ಚಿಟಿಕೆ ಬಾಯಿಗೆ ಹಾಕಿದೆ. ಆಮೇಲೆ ಇನ್ನೊಂದು. ಆಮೇಲೆ ಮುಷ್ಟಿ. ಎಂಟು ತಿಂಗಳ ಆಸೆ, ಅಥವಾ ಎಂಟು ವರ್ಷದವಳ ಆಸೆ, ಗೊತ್ತಿಲ್ಲ. ಬಂಡೆಪ್ಪ ಬಾಗಿಲಲ್ಲಿ ನಿಂತು ನೋಡಿದ್ದ. ನಿನ್ನೆ ಏಟು ತಿಂದರೂ ಅವನು ನನ್ನ ಹೆಸರು ಹೇಳಲಿಲ್ಲ. ರಾತ್ರಿ ನನ್ನ ಪಕ್ಕದಲ್ಲಿ ಮಲಗಿ, 'ಆಯಿ, ನಾ ಯಾರಿಗೂ ಹೇಳಂಗಿಲ್ಲ' ಎಂದ. ಅದನ್ನು ಕೇಳಿದ ಮೇಲೆ ನನಗೆ ನಿದ್ದೆ ಬರಲಿಲ್ಲ.

ಬೆಳಕು ಹರಿಯುವ ಮುಂಚೆ ಸಕ್ಕರೆ ಕೇಳಲು ಬಟ್ಟಲು ಹಿಡಿದು ಹೊರಟೆ. ಪಕ್ಕದ ಮನೆಯ ಪ್ಯಾರಿಬಿ ತನ್ನ ರೇಶನ್ನಿನ ಡಬ್ಬಿ ಕೊಡವಿ ಎರಡು ಚಮಚ ಕೊಟ್ಟಳು. ಮಾಣಿಕಮ್ಮ ಹೆರಿಗೆಯಾದ ಸೊಸೆಗೆಂದು ಇಟ್ಟಿದ್ದನ್ನು ತೆಗೆದುಕೊಟ್ಟಳು. ಇನ್ನೂ ಮೂರು ಮನೆಯವರು ಕೊಟ್ಟರು. ಒಟ್ಟು ಐದು ಮನೆ. ಯಾರ ಕೈಯದು ಎಂದು ಯಾವ ಮನೆಯಲ್ಲೂ ನಾನು ಕೇಳಲಿಲ್ಲ. ಅಂಗಡಿಯ ತಕ್ಕಡಿಯಲ್ಲಿ ತೂಗಿಸಿದ್ದೇನೆ, ಒಂದು ಸೇರು ತುಂಬಿದೆ, ಕೆಂಪು ದಾರ ಐದು ಸುತ್ತು ಸುತ್ತಿದ್ದೇನೆ. ಹಿಂದಿರುಗಿಸುವವನು ತಂದೆ ಎಂಬುದು ಕ್ರಮ. ಆದರೆ ಉಡಿಗೆ ಹಾಕಿದವಳೂ ನಾನು, ತಿಂದವಳೂ ನಾನು, ನೀನು ಯಾಕೆ ಹೋಗಬೇಕು? ಜೇವರ್ಗಿಯಿಂದ ಮೋಟಾರು, ಗುಲಬರ್ಗಾದಿಂದ ರೈಲು, ನಾಳೆ ಬೆಳಿಗ್ಗೆ ಆ ಅಂಬಾರಾಯನ ಅಂಗಡಿಯ ಗದ್ದಿಗೆಯ ಮೇಲೆ, ನಾಲ್ಕು ಜನರ ಎದುರಿಗೇ ಇಟ್ಟು ಬರುತ್ತೇನೆ. ಸ್ಟೇಶನ್ನಿನಲ್ಲಿ ಶರಫುದ್ದೀನನ ಟಾಂಗಾ ಹುಡುಕುತ್ತೇನೆ. ಮಕ್ಕಳು ಪ್ಯಾರಿಬಿಯ ಹತ್ತಿರ ಇರುತ್ತಾರೆ.

ನೀನು ಸಾಹೇಬನ ಕಾಲು ಹಿಡಿಯಬೇಡ. ಈ ಪತ್ರ ಮುಟ್ಟಿದ ದಿನವೇ ಗುಲಬರ್ಗಾದ ಶಾಲೆಗೆ ಒಂದು ಪತ್ರ ಹಾಕು, ಶಾರದಾಬಾಯಿಯ ಹೆಸರು ಬರೆದುಕೊಳ್ಳಿ ಎಂದು. ಈಗ ಹೊರಡುವಾಗ ಅವಳನ್ನು ಎಬ್ಬಿಸಿ ಎಲ್ಲ ಹೇಳಿದೆ, ನಾನು ತಿಂದದ್ದನ್ನೂ ಹೇಳಿದೆ, ಶಾಲೆಗೆ ಹೋಗುವುದು ನಿನಗೆ ಬೇಕೇನೇ ಎಂದೂ ಕೇಳಿದೆ. ಅವಳು ಅಳಲಿಲ್ಲ. ಪಾಟಿ ತಂದು ನನ್ನ ಮುಂದೆ ತನ್ನ ಹೆಸರು ಬರೆದು ತೋರಿಸಿದಳು.